ಗುಂಡುಸೂಜಿಯ ಹೂಂ

ಮೂವತ್ತೊಂದನೆಯ ಚಡ್ಡಿಯ ಅಂಚು ಮಡಚುವಾಗ ಹೊಲಿಗೆಯಮ್ಮನ ತುಟಿಗಳ ನಡುವೆ ಏಳು ಗುಂಡುಸೂಜಿಗಳಿದ್ದವು. ಅವಳ ಮೂವರು ಗಂಡುಮಕ್ಕಳು ಕಾಯುತ್ತಿದ್ದದ್ದು ಇದೇ ಗಳಿಗೆಗೆ.

“ಅಮ್ಮಾ, ಮೊಟ್ಟೆ ಅಂಗಡಿಯವರು ಒಂದು ಬಾತುಕೋಳಿ ಕೊಡ್ತಾರಂತೆ. ಪುಕ್ಕಟೆ. ತರಲಾ?” ಎಂದ ದೊಡ್ಡವ.

“ಹೂಂ.”

“ಬಟ್ಟೆ ಒಗೆಯೋ ಟಬ್ಬಲ್ಲಿ ಬಿಡಲಾ?” ಎಂದ ನಡುವಿನವ.

“ಹೂಂ.”

“ರಾತ್ರಿ ನನ್ನ ಪಕ್ಕ ಮಲಗಿಸ್ಕೊಳ್ಳಲಾ?” ಎಂದ ಕಿರಿಯವ.

“ಹೂಂ, ಹೂಂ.”

ಅವಳ ಕಣ್ಣು ಬಟ್ಟೆಯ ಮೇಲಿತ್ತು, ಮನಸ್ಸು ಎಣಿಕೆಯ ಮೇಲಿತ್ತು. ಅರ್ಧ ಗಂಟೆ ಬಿಟ್ಟು, ನೆನೆಸಿಟ್ಟ ಬಟ್ಟೆ ಹಿಂಡಲು ಹಿತ್ತಲಿಗೆ ಹೋದರೆ ಗಂಡನ ಅಂಗಿಯ ಮೇಲೆ ಒಂದು ಬಿಳಿ ಬಾತು ಕೂತಿತ್ತು. ಒಂದು ಕಾಲು ಕುಂಟು. ಹೇಳದೆ ಕೇಳದೆ ಬಂದವಳು ಇವಳೇ ಎನ್ನುವಂತೆ ಅವಳನ್ನು ನೋಡಿತು.

“ಯಾರೋ ಇದನ್ನ ತಂದದ್ದು?”

“ನೀನೇ ಹೂಂ ಅಂದೆಯಲ್ಲಮ್ಮ,” ಎಂದವು ಮೂರೂ ಗಂಟಲು ಒಟ್ಟಿಗೆ.

ಬೇಸಿಗೆ ರಜೆಯೆಂದರೆ ಊರಿಗೆಲ್ಲ ಬಿಡುವು, ಹೊಲಿಗೆಯಮ್ಮನಿಗೆ ಮಾತ್ರ ಉಸಿರು ಬಿಡಲೂ ಪುರುಸೊತ್ತಿಲ್ಲದ ಕಾಲ. ಶಾಲೆ ತೆರೆಯುವುದರೊಳಗೆ ನೂರ ಇಪ್ಪತ್ತು ಚಡ್ಡಿಗಳನ್ನು ಹೊಲಿದು ಬಟ್ಟೆ ಅಂಗಡಿಗೆ ಒಪ್ಪಿಸಬೇಕು. ಅದೇ ಎರಡು ತಿಂಗಳು ಮಕ್ಕಳು ಮನೆಯಲ್ಲಿ. ಹನ್ನೆರಡರ ದೊಡ್ಡವ ಊಟದ ತಟ್ಟೆಯಿಂದ ಹಾಸಿಗೆಯವರೆಗೆ ಎಲ್ಲದಕ್ಕೂ ವಾದ ಹೂಡುತ್ತಿದ್ದನಾದ್ದರಿಂದ ಅವನಿಗೆ ವಕೀಲ ಎಂದು ಹೆಸರು ಬಿದ್ದಿತ್ತು. ಒಂಬತ್ತರ ನಡುವಿನವ ಇಕ್ಕಳ; ಬಿಚ್ಚಲು ಬರುವುದನ್ನೆಲ್ಲ ಬಿಚ್ಚುತ್ತಿದ್ದ. ಐದರ ಕಿರಿಯವ ಪೀಪಿ. ಅವನಿಗೆ ಮೆಲ್ಲಗೆ ಮಾತಾಡುವುದು ಹುಟ್ಟಿದಂದಿನಿಂದ ಗೊತ್ತಿರಲಿಲ್ಲ.

ಇದರಿಂದ ದೊಡ್ಡ ತೊಂದರೆಯೇ ಇತ್ತು. ಅಪ್ಪನದು ಬೇಕರಿಯಲ್ಲಿ ಒಲೆಯ ಕೆಲಸ. ಬೆಳಗಿನ ಜಾವ ಹೋದವನು ಮಧ್ಯಾಹ್ನ ಬಂದು ಉಂಡು ನಾಲ್ಕರವರೆಗೆ ನಿದ್ದೆ ಮಾಡಬೇಕು. ಆ ಹೊತ್ತಿನಲ್ಲಿ ಹುಡುಗರು ಬರೀ ತುಟಿ ಆಡಿಸಿ ಜಗಳವಾಡುವುದನ್ನು ಕಲಿತಿದ್ದರು. ಪೀಪಿಗೆ ಏನಾದರೂ ಹೇಳಲೇಬೇಕೆನಿಸಿದರೆ ದಿಂಬಿನಲ್ಲಿ ಮುಖ ಹುದುಗಿಸಿ ಹೇಳಬೇಕೆಂದು ನಿಯಮವಾಗಿತ್ತು.

ಬಾತುಕೋಳಿಯನ್ನು ಮೊಟ್ಟೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. “ಕೊಟ್ಟದ್ದು ಕೊಟ್ಟೆ ತಾಯಿ, ಕುಂಟು ಬಾತನ್ನು ಯಾರು ಕೇಳ್ತಾರೆ?” ಎಂದುಬಿಟ್ಟರು. ಅಂದು ಸಂಜೆ ಹೊಲಿಗೆಯಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದಳು: “ಕೇಳಿಸ್ಕೊಳ್ಳಿ. ಇನ್ಮೇಲೆ ನನ್ನ ಬಾಯಲ್ಲಿ ಸೂಜಿ ಇದ್ದಾಗ ಅಂದ ಹೂಂ ಲೆಕ್ಕಕ್ಕಿಲ್ಲ.”

“ಯಾರು ಕೇಳಿದ್ರೂನಾ?” ಎಂದ ವಕೀಲ.

“ಯಾರು ಕೇಳಿದ್ರೂ.”

“ಹಿಂದೆ ಅಂದಿದ್ದು?”

“ಹಿಂದಿಂದೂ ಇಲ್ಲ, ಮುಂದಿಂದೂ ಇಲ್ಲ.”

ವಕೀಲ ಅದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಾಗಿಲ ಹಿಂದೆ ಬರೆದಿಟ್ಟ.

ಅಜ್ಜಿ, ಅಂದರೆ ಹೊಲಿಗೆಯಮ್ಮನ ಗಂಡನ ತಾಯಿ, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಚಡ್ಡಿಗಳಿಗೆ ಗುಂಡಿ ಹಾಕುತ್ತಿದ್ದಳು. ಈ ಗಲಾಟೆಯನ್ನು ಕೇಳಿಯೂ ಕೇಳದವಳಂತಿದ್ದು, ಹುಡುಗರು ಬಾತಿನ ಕಡೆ ಓಡಿದಮೇಲೆ ದಾರ ಕಡಿದು, “ಅದಿರಲಿ, ನನ್ನ ಮಗಳಿಗೆ ಕಾಗದ ಯಾವತ್ತು ಬರೀತೀಯೇ? ನೀನು ಒಪ್ಪಿ ಒಂದು ವಾರ ಆಯ್ತು,” ಎಂದಳು.

“ಏನು ಒಪ್ಪಿದೆ ಅತ್ತೆ?”

“ಅಯ್ಯೋ, ಮರೆತೇಬಿಟ್ಟೆಯಾ? ಇಕ್ಕಳನ್ನ ಅವಳ ಹತ್ರ ಬಿಡೋಣ ಅಂತ. ಅಲ್ಲೇ ಓದಿಕೊಂಡು ಅಲ್ಲೇ ಬೆಳೀಲಿ ಅಂತ. ಇದೇ ಜಾಗದಲ್ಲಿ ಕೂತು ಕೇಳಿದೆ. ಹೂಂ ಅಂದೆ.”

ಹೊಲಿಗೆಯಮ್ಮನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅಂದು ಅವಳ ಬಾಯಲ್ಲಿ ಎಷ್ಟು ಸೂಜಿ ಇದ್ದವೋ ಯಾರಿಗೆ ಗೊತ್ತು.

ಬಾಯಿಬಿಟ್ಟು “ಇಲ್ಲ ಅತ್ತೆ, ನನಗೆ ಕೇಳಿಸಲಿಲ್ಲ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳು ಹೊಲಿಯುತ್ತಿದ್ದ ಮೆಷಿನ್ನನ್ನು ಕೊಟ್ಟವರು ಗಂಡನ ಆ ಅಕ್ಕನೇ. ಪೀಪಿ ಹುಟ್ಟಿದಾಗ ಹೊಲಿಗೆಯಮ್ಮ ಎರಡು ತಿಂಗಳು ಎದ್ದು ಕೂರಲಾಗದೆ ಮಲಗಿದ್ದಳು. ಆಗ ಬಂದು ಕೂಸಿಗೆ ನೀರು ಹಾಕಿ, ಇವಳ ತಲೆ ಬಾಚಿ, ಹೊರಡುವ ದಿನ ತಾವು ತಂದಿದ್ದ ಮೆಷಿನ್ನಿನ ಮೇಲೆ ಕೈಯಿಟ್ಟು “ಇದು ಇಲ್ಲೇ ಇರಲಿ, ನನಗೆ ಯಾರಿಗೆ ಹೊಲಿಯೋದಿದೆ?” ಎಂದು ಬಿಟ್ಟುಹೋದವರು. ಅವರಿಗೆ ಮಕ್ಕಳಿಲ್ಲ. ಗಂಡ ಗಡಿಯಾರ ರಿಪೇರಿ ಮಾಡುತ್ತಾರೆ. ಹುಡುಗರು ಅವರನ್ನು ಗಡಿಯಾರದತ್ತೆ ಎನ್ನುತ್ತಿದ್ದರು. ರಜೆ ಶುರುವಾಗುವ ಮುಂಚೆ ಅವರಿಂದ ಕಾಗದ ಬಂದಿತ್ತು: ನಡುವಿನವನ ಕೈ ಚುರುಕು, ಅವನನ್ನು ನಮಗೆ ಕೊಡುತ್ತೀರಾ?

ಇಂಥವರಿಗೆ ಇಲ್ಲವೆನ್ನಲು ಹೊಲಿಗೆಯಮ್ಮನಿಗೆ ನಾಲಿಗೆ ಏಳಲಿಲ್ಲ. “ಬರೀತೀನಿ ಅತ್ತೆ, ಈ ಹತ್ತು ಚಡ್ಡಿ ಮುಗೀಲಿ,” ಎಂದಳು.

ಹತ್ತು ಮುಗಿದವು, ಇಪ್ಪತ್ತೂ ಮುಗಿದವು.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮಗಳಿಗೆ ಕಾಗದವೆಂದರೆ ಅವಳು ಹೇಳಬೇಕು, ಸೊಸೆ ಬರೆಯಬೇಕು. ಒಂದು ದಿನ ಬೆಳಗಿನ ಚಹಾ ಆದಮೇಲೆ ಸೊಸೆಯ ಕೈಗೆ ಪೆನ್ನು ಕೊಟ್ಟು ಎದುರಿಗೇ ಕೂತಳು.

“ಬರಿ. ನಾವೆಲ್ಲ ಚೆನ್ನಾಗಿದ್ದೀವಿ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳ್ತಿಲ್ಲ. ಬರೆದೆಯಾ?”

“ಮಂಡಿ ಆಯ್ತು ಅತ್ತೆ.”

“ಸೆಕೆ ಜಾಸ್ತಿ. ಮನೆಗೊಂದು ಬಾತು ಬಂದಿದೆ. ನಿನ್ನ ತಮ್ಮ ಅದನ್ನ ಕಂಡರೆ ಉರಿದುಬೀಳ್ತಾನೆ, ಆದರೂ ಬೇಕರಿಯಿಂದ ಅದಕ್ಕೆ ಬ್ರೆಡ್ಡಿನ ತುದಿ ತರ್ತಾನೆ. ಆಯ್ತಾ? ಈಗ ಬರಿ, ಹುಡುಗನನ್ನು ಶಾಲೆ ಶುರುವಾಗೋ ಮುಂಚೆ ಕಳಿಸ್ತೀವಿ.”

ಪೆನ್ನು ಸ್ವಲ್ಪ ಹೊತ್ತು ಓಡಿತು.

“ವಕೀಲಾ, ಬಾರೋ ಇಲ್ಲಿ, ಓದು,” ಎಂದಳು ಅಜ್ಜಿ. ಅವಳೇನು ದಡ್ಡಿಯಲ್ಲ.

ವಕೀಲ ಗಂಟಲು ಸರಿಮಾಡಿಕೊಂಡು ಓದಿದ. ಮಂಡಿ ಇತ್ತು, ಸೆಕೆ ಇತ್ತು, ಬಾತು ಇತ್ತು, ಬ್ರೆಡ್ಡಿನ ತುದಿಯೂ ಇತ್ತು. ಆಮೇಲೆ, “ಮಿಕ್ಕ ವಿಷಯ ಮುಂದಿನ ಕಾಗದದಲ್ಲಿ.”

“ಯಾವ ಮಿಕ್ಕ ವಿಷಯ ಅಜ್ಜಿ?”

“ನಿನ್ನ ತಲೆ. ಆಡ್ಕೊ ಹೋಗು.” ಸೊಸೆಯ ಕಡೆ ತಿರುಗಿ, “ಏನೇ ಇದು?” ಎಂದಳು.

“ಹಾಳೆ ಮುಗೀತು ಅತ್ತೆ. ಬೇರೆ ತಂದು ಪೂರ್ತಿ ಬರೀತೀನಿ.”

ಹೀಗೆ ವಾರಗಳು ಉರುಳಿದವು. ಒಮ್ಮೆ ಪೆನ್ನಿನಲ್ಲಿ ಮಸಿ ಇರಲಿಲ್ಲ. ಒಮ್ಮೆ ಬರೆದ ಹಾಳೆಯನ್ನು ಪೀಪಿ ದೋಣಿ ಮಾಡಿ ಬಾತಿನ ಟಬ್ಬಿನಲ್ಲಿ ಬಿಟ್ಟ. ಹೊಲಿಗೆಯಮ್ಮ ಅವನಿಗೆ ಒಂದು ಏಟು ಕೊಡುವ ಬದಲು ಎರಡು ಬಿಸ್ಕತ್ತು ಕೊಟ್ಟಿದ್ದನ್ನು ಅಜ್ಜಿ ನೋಡಿಯೇ ನೋಡಿದಳು.

ಇಕ್ಕಳ ಅಜ್ಜಿಯ ಟೇಬಲ್ ಫ್ಯಾನನ್ನು ಬಿಚ್ಚಿದ್ದು ಆ ವಾರದಲ್ಲೇ. ಅದು ಕಟಕಟ ಎನ್ನುತ್ತಿತ್ತು, ಸರಿಮಾಡುತ್ತೇನೆಂದು ಹೊರಟ. ಊಟದ ಹೊತ್ತಿಗೆ ನೆಲದ ತುಂಬ ತುಂಡುಗಳು. ಎಲ್ಲರೂ ಬೇಯಿಸಿದ ಆಲೂಗಡ್ಡೆಯ ತಟ್ಟೆ ಹಿಡಿದು ಕಾಲಿಡಲು ಜಾಗ ಹುಡುಕುತ್ತ ನಿಂತರು.

“ನನ್ನ ಗಾಳೀನೂ ತಿಂದೆಯೇನೋ ಪಾಪಿ! ನಾಳೇನೇ ಕಳಿಸಿಬಿಡ್ತೀನಿ ನಿನ್ನ!” ಎಂದಳು ಅಜ್ಜಿ ಬೆವರೊರೆಸಿಕೊಂಡು.

“ಎಲ್ಲಿಗಜ್ಜಿ?” ಎಂದ ಇಕ್ಕಳ, ಸ್ಕ್ರೂವೊಂದನ್ನು ಹಲ್ಲಲ್ಲಿ ಕಚ್ಚಿಕೊಂಡೇ.

ಹೊಲಿಗೆಯಮ್ಮ ಥಟ್ಟನೆ, “ಕೈ ತೊಳ್ಕೊಂಡು ಬಾ, ಆಲೂಗಡ್ಡೆ ತಣ್ಣಗಾಗ್ತಿದೆ,” ಎಂದಳು. ಸಂಜೆ ಫ್ಯಾನು ತಿರುಗಿತು. ಕಟಕಟ ಸದ್ದಿರಲಿಲ್ಲ. ಎರಡು ಸ್ಕ್ರೂ ಮಿಕ್ಕಿದ್ದವು. ಅಜ್ಜಿ ಆ ಎರಡನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಂಡು, ಗಾಳಿಗೆ ಮುಖವೊಡ್ಡಿ ಕೂತು, “ಮಿಕ್ಕರೆ ಮಿಕ್ಕಲಿ ಬಿಡು,” ಎಂದಳು.

ಎಂಬತ್ತನೆಯ ಚಡ್ಡಿ ಮುಗಿದ ದಿನ ಅಜ್ಜಿ ಬಿಗಿಯಾಗಿ ಕೂತಳು. “ಇವತ್ತು ಬರೆಯದಿದ್ದರೆ ನಾನು ಗುಂಡಿ ಹಾಕಲ್ಲ.” ಹೊಲಿಗೆಯಮ್ಮ ಕೊನೆಗೂ ಆ ಸಾಲನ್ನು ಬರೆದಳು: ನಡುವಿನ ಹುಡುಗನನ್ನು ಶಾಲೆ ಶುರುವಾಗುವ ಮೊದಲು ನಿಮ್ಮಲ್ಲಿಗೆ ಕಳಿಸುತ್ತೇವೆ, ನಿಮ್ಮ ಮಗನಂತೆಯೇ ನೋಡಿಕೊಳ್ಳಿ. ಬರೆದ ಹಾಳೆಯನ್ನು ಮಡಚಿ ಮೆಷಿನ್ನಿನ ಹೊದಿಕೆಯ ಕೆಳಗೆ ಇಟ್ಟಳು. “ನಾಳೆ ಲಕೋಟೆ ತರಿಸಿ ಹಾಕ್ತೀನಿ ಅತ್ತೆ.” ಆ ಮಧ್ಯಾಹ್ನ ಅವಳು ಒಂದು ಚಡ್ಡಿಯ ಎರಡು ಕಾಲನ್ನೂ ಸೇರಿಸಿ ಒಂದೇ ಕೊಳವೆ ಮಾಡಿ ಹೊಲಿದು, ಮತ್ತೆ ಬಿಚ್ಚಿದಳು.

ಮರುದಿನ ಅವಳು ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಜೇಬಿನ ಬಟ್ಟೆ ಕತ್ತರಿಸುವುದು ವಕೀಲನ ಕೆಲಸ. ಜೇಬಿನ ಅಳತೆಗೆ ಒಂದು ರಟ್ಟಿನ ತುಂಡಿತ್ತು. ಅದನ್ನು ಬಾತುಕೋಳಿ ಕುಕ್ಕಿ ಹಾಳುಮಾಡಿತ್ತು. ವಕೀಲ ಸುತ್ತ ನೋಡಿದ, ಹೊದಿಕೆಯ ಕೆಳಗೆ ಒಳ್ಳೆಯ ದಪ್ಪ ಕಾಗದ ಕಂಡಿತು. ಹಳೆಯ ಜೇಬೊಂದನ್ನು ಅದರ ಮೇಲಿಟ್ಟು, ಗೆರೆ ಎಳೆದು, ನೀಟಾಗಿ ಕತ್ತರಿಸಿದ. ಆಮೇಲೆಯೇ ಅವನು ಕಾಗದವನ್ನು ಮಗುಚಿ ನೋಡಿದ್ದು. ಜೇಬಿನ ಆಕಾರದೊಳಗೆ ಅಮ್ಮನ ಅಕ್ಷರವಿತ್ತು.

ಕತ್ತರಿಸುವ ಮೇಜಿನ ಕೆಳಗೆ ಮೂವರೂ ಸೇರಿದರು. ಅಪ್ಪ ಪಕ್ಕದ ಕೋಣೆಯಲ್ಲಿ ನಿದ್ದೆಯಲ್ಲಿದ್ದ. ವಕೀಲ ತುಟಿಯಲ್ಲೇ ಓದಿ ಹೇಳಿದ. ಪೀಪಿ ದಿಂಬನ್ನೇ ಮರೆತ.

“ಇಕ್ಕಳನ್ನ ಕೊಟ್ಬಿಡ್ತಾರಂತೆ!”

ಅಪ್ಪ ಕಣ್ಣುಜ್ಜುತ್ತ ಎದ್ದು ಬಂದ. ಬಗ್ಗಿ ಮೇಜಿನ ಕೆಳಗೆ ನೋಡಿದ. “ಯಾರು ಯಾರನ್ನ ಕೊಡೋದು?”

“ಅಮ್ಮ ಇಕ್ಕಳನ್ನ!”

“ಅಜ್ಜಿ ಹೇಳಿದರು, ಅಮ್ಮ ಒಪ್ಪಿದಾಳೆ ಅಂತ...” ಎಂದು ಅಪ್ಪ ಅರ್ಧಕ್ಕೇ ನಿಲ್ಲಿಸಿದ. ಇಕ್ಕಳನ ಮುಖ ನೋಡಿ, “ಅಮ್ಮ ಬರಲಿ, ಕೇಳ್ತೀನಿ,” ಎಂದ.

ಆದರೆ ಹೊಲಿಗೆಯಮ್ಮ ಬಂದಾಗ ಮನೆಯಲ್ಲಿ ಬೇರೆಯೇ ರಾದ್ಧಾಂತ ಕಾದಿತ್ತು. ಮೆಷಿನ್ನಿನ ಬಾಬಿನ್ ಕೇಸ್ ಇರಲಿಲ್ಲ. ಕೆಳಗಿನ ದಾರದ ಸುರುಳಿಯನ್ನು ಹಿಡಿದಿಡುವ ಹೆಬ್ಬೆರಳ ಉಗುರಿನಷ್ಟು ಉಕ್ಕಿನ ಗೂಡು ಅದು. ಅದಿಲ್ಲದೆ ಮೆಷಿನ್ ಒಂದು ಹೊಲಿಗೆಯನ್ನೂ ಹಾಕದು. ಮನೆಯವರೆಲ್ಲ ಹುಡುಕಿದರು. ಚಿಂದಿಯ ಚೀಲ ಮಗುಚಿದರು, ಬಾತಿನ ಟಬ್ಬು ಖಾಲಿ ಮಾಡಿದರು, ಅಪ್ಪನ ಚಪ್ಪಲಿ ಕೊಡವಿದರು. ಪೀಪಿ ಬಾತುಕೋಳಿಯ ಬಾಯಗಲಿಸಿ ಒಳಗೆ ನೋಡಿದ.

ಇಂಥ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಟಾರ್ಚ್ ಹಿಡಿದು ಓಡಿಬರುವ ಇಕ್ಕಳ ಮಾತ್ರ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದ.

“ನೀನು ಹುಡುಕಲ್ವೇನೋ?”

“ಸಿಗಲ್ಲಮ್ಮ.”

“ನಿನಗೆ ಹೇಗೆ ಗೊತ್ತು?”

ಅವನು ಕಾಲ್ಬೆರಳನ್ನು ನೋಡಿಕೊಂಡ. “ಚಡ್ಡಿ ಹೊಲಿದು ಮುಗೀಲಿಲ್ಲ ಅಂದ್ರೆ ಶಾಲೆ ಶುರುವಾಗಲ್ಲ ಅಲ್ವಾ?”

“ಅದಕ್ಕೆ?”

“ಶಾಲೆ ಶುರುವಾಗೋ ಮುಂಚೆ ನನ್ನ ಕಳಿಸಬೇಕಲ್ಲ. ಶುರುವೇ ಆಗದಿದ್ರೆ?”

ಹೊಲಿಗೆಯಮ್ಮ ಅವನ ಪಕ್ಕದಲ್ಲಿ ಕುಸಿದು ಕೂತಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

“ಎಲ್ಲಿಟ್ಟಿದೀಯೋ?”

“ಸಕ್ಕರೆ ಡಬ್ಬೀಲಿ.”

ಬಾಬಿನ್ ಕೇಸನ್ನು ಎಷ್ಟು ಒರೆಸಿದರೂ ಸಿಹಿ ಪೂರ್ತಿ ಹೋಗಲಿಲ್ಲ. ಅದಾದಮೇಲೆ ಹೊಲಿದ ಚಡ್ಡಿಗಳಿಗೆ ಇರುವೆ ಮುತ್ತದಂತೆ ಕಾಯುವುದೇ ಪೀಪಿಯ ಕೆಲಸವಾಯಿತು.

ಆ ಸಂಜೆ ಹೊಲಿಗೆಯಮ್ಮ ಗಂಡನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವನು ಬಹಳ ಹೊತ್ತು ತಲೆ ಕೆರೆದುಕೊಂಡು, “ನನ್ನ ಹತ್ರಾನಾದ್ರೂ ಒಂದು ಮಾತು ಹೇಳಬಾರದಿತ್ತೇನೇ?” ಎಂದ.

“ನೀವು ಕೇಳಬಾರದಿತ್ತೇನ್ರೀ?”

“ನಾಳೆ ರಜ. ಅಮ್ಮನ ಎದುರಿಗೆ ಕೂತು ಮಾತಾಡೋಣ,” ಎಂದ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಒಂದು ದೊಡ್ಡ ಕಲ್ಲಂಗಡಿ ಹಣ್ಣನ್ನು ಕೊಯ್ದ. ಎಲ್ಲರೂ ನೆಲದ ಮೇಲೆ ಸುತ್ತ ಕೂತರು. ಯಾರು ಹೇಗೆ ಶುರುಮಾಡಬೇಕೆಂದು ನೋಡುತ್ತಿರುವಾಗಲೇ ವಕೀಲ ಜೇಬಿನಾಕಾರದ ಕಾಗದವನ್ನು ಕೈಯಲ್ಲಿ ಹಿಡಿದು ಎದ್ದು ನಿಂತ.

“ಅಜ್ಜೀ, ನೀನು ಅಮ್ಮನ್ನ ಕೇಳಿದಾಗ ಅಮ್ಮ ಏನು ಮಾಡ್ತಿದ್ದಳು?”

“ಇನ್ನೇನು ಮಾಡ್ತಾಳೆ? ಅಂಚು ಮಡಚ್ತಿದ್ದಳು.”

“ಬಾಯಲ್ಲಿ ಸೂಜಿ ಇತ್ತಾ?”

ಅಜ್ಜಿ ಹಣ್ಣಿನ ಬೀಜ ಉಗಿಯುವುದನ್ನು ನಿಲ್ಲಿಸಿದಳು. “ಇತ್ತು ಅನ್ಸುತ್ತೆ.”

ವಕೀಲ ಹೋಗಿ ಬಾಗಿಲನ್ನು ತಿರುಗಿಸಿದ. ಸೀಮೆಸುಣ್ಣದ ಅಕ್ಷರ ಕೊಂಚ ಅಳಿಸಿದ್ದರೂ ಓದಲು ಬರುತ್ತಿತ್ತು. ಅವನು ಓದಿದ: “ಸೂಜಿ ಇದ್ದಾಗ ಅಂದ ಹೂಂ ಲೆಕ್ಕಕ್ಕಿಲ್ಲ. ಯಾರು ಕೇಳಿದ್ರೂ. ಹಿಂದಿಂದೂ ಇಲ್ಲ.”

“ಕೂತ್ಕೋ ಸಾಕು,” ಎಂದಳು ಹೊಲಿಗೆಯಮ್ಮ. “ಇದು ನಾನು ಹೇಳಬೇಕಾದ್ದು.” ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟಳು. “ಅತ್ತೆ, ಅವತ್ತು ನೀವೇನು ಕೇಳಿದಿರೋ ನನಗೆ ಗೊತ್ತೇ ಆಗಲಿಲ್ಲ. ಇಕ್ಕಳನ್ನ ಕೊಡೋಕೆ ನನಗೆ ಮನಸ್ಸಿಲ್ಲ.”

“ಆರು ವಾರ ಆಯ್ತು ಕಣೇ! ಆರು ವಾರವೂ ಬಾಯಲ್ಲಿ ಸೂಜಿ ಇಟ್ಕೊಂಡೇ ಇದ್ದೆಯಾ?”

“ಸೂಜಿ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ. ಅಕ್ಕ ಕೊಟ್ಟ ಮೆಷಿನ್ ಮುಂದೆ ಕೂತ್ಕೊಂಡು ಅಕ್ಕನಿಗೇ ಇಲ್ಲ ಅಂತ ಹೇಗೆ ಬರೀಲಿ?”

ಅಜ್ಜಿಯ ಮುಖ ಸಣ್ಣಗಾಯಿತು. “ಅವಳು ಮೆಷಿನ್ ಕೊಟ್ಟದ್ದು ಬದಲಿಗೆ ಮಗು ಸಿಗಲಿ ಅಂತಲ್ಲ ಕಣೇ.”

“ನನಗೆ ಗೊತ್ತು ಅತ್ತೆ. ಗೊತ್ತಿರೋದಕ್ಕೇ ಕಷ್ಟ.”

ಅಜ್ಜಿ ಸೆರಗಿನ ಗಂಟನ್ನು, ಎರಡು ಸ್ಕ್ರೂ ಇದ್ದ ಗಂಟನ್ನು, ಬೆರಳಲ್ಲಿ ಉರುಳಿಸುತ್ತ ಕೂತಳು. “ನೀನು ಕಾಗದ ಮುಂದಕ್ಕೆ ಹಾಕ್ತಿದ್ದದ್ದು ನನಗೆ ಕಾಣಲಿಲ್ಲ ಅಂದ್ಕೊಂಡೆಯಾ? ಕಂಡೂ ಸುಮ್ಮನಿದ್ದೆ. ತಪ್ಪು ನಂದೂ ಇದೆ. ಆದರೆ ನನ್ನ ಮಗಳ ಮನೆಗೆ ಒಂದು ಸಲ ಹೋಗಿ ನೋಡು. ಗೋಡೆ ತುಂಬ ನಲವತ್ತು ಗಡಿಯಾರ. ಅದು ಬಿಟ್ಟರೆ ಒಂದು ಸದ್ದಿಲ್ಲ. ಇಬ್ಬರೂ ಕೂತು ಉಣ್ತಾರೆ, ತಟ್ಟೆ ತೊಳೀತಾರೆ, ಮತ್ತೆ ಟಿಕ್ ಟಿಕ್.”

“ನಲವತ್ತೂ ಓಡ್ತವಾ ಅಜ್ಜಿ?” ಎಂದ ಇಕ್ಕಳ.

“ಅರ್ಧ ನಿಂತುಹೋಗಿವೆ. ರಿಪೇರಿಗೆ ಬಂದವು, ಯಾರೂ ವಾಪಸ್ ಕೇಳಲಿಲ್ಲ.”

ಇಕ್ಕಳನ ಕಣ್ಣುಗಳು ಅರಳಿದವು. “ಹಂಗಾದ್ರೆ ಹೋಗ್ತೀನಿ. ಇರೋಕಲ್ಲ. ಹೋಗಿ ಬರೋಕೆ. ಹನ್ನೆರಡು ದಿನ ಸಾಕು ಎಲ್ಲಾ ಬಿಚ್ಚೋಕೆ.”

“ಮತ್ತೆ ಜೋಡಿಸೋಕೋ?” ಎಂದ ಅಪ್ಪ.

“ಅದಕ್ಕೆ ಮುಂದಿನ ರಜೆಗೆ.”

“ಅವನೊಬ್ಬನೇ ಯಾಕೆ? ನಾನೂ!” ಎಂದು ಪೀಪಿ ಕಿರುಚಿದ.

“ಹಾಗಾದ್ರೆ ಮೂವರೂ,” ಎಂದ ವಕೀಲ.

ಅಜ್ಜಿ ಮೂವರನ್ನೂ ಒಂದು ಸುತ್ತು ನೋಡಿದಳು. ಅವಳ ಬಾಯಂಚು ನಡುಗತೊಡಗಿತು. ಅಳುತ್ತಾಳೆಂದು ಸೊಸೆ ಹತ್ತಿರ ಸರಿದರೆ ಅದು ನಗು. “ಹೋಗಲಿ ಕಣೇ, ಮೂರೂ ಒಟ್ಟಿಗೆ ಹೋಗಲಿ! ಹನ್ನೆರಡು ದಿನ ಆದಮೇಲೆ ನೋಡು, ಕೊಡಿ ಅಂತ ಇನ್ನೊಂದು ಸಲ ಅವಳು ಕೇಳಿದರೆ ನನ್ನ ಕೇಳು!”

ನಗು ಇಳಿಯುವ ಹೊತ್ತಿಗೆ ಅಪ್ಪ ಸೀಮೆಸುಣ್ಣದ ಬರಹದ ಕಡೆ ಬೆರಳು ತೋರಿದ. “ಒಂದು ನಿಮಿಷ. ಸೂಜಿಯ ಹೂಂ ಲೆಕ್ಕಕ್ಕಿಲ್ಲ ಅಂದಮೇಲೆ ಆ ಬಾತು ಯಾವ ಲೆಕ್ಕದಲ್ಲಿ ನಮ್ಮ ಮನೇಲಿದೆ?”

ವಕೀಲ ಬಾಯಿ ತೆರೆದ, ಮತ್ತೆ ಮುಚ್ಚಿದ. ಪೀಪಿಯ ಕೆಳತುಟಿ ಮುಂದೆ ಬಂತು. ಇಡೀ ಬೀದಿಗೆ ಕೇಳುವಂತೆ ಅಳಲು ಅವನು ಉಸಿರೆಳೆದುಕೊಂಡ.

“ತಾಳೋ ತಾಳೋ,” ಎಂದಳು ಹೊಲಿಗೆಯಮ್ಮ. “ಆ ಮನೇಲಿ ಸದ್ದಿಲ್ಲ ಅಂತ ಅಜ್ಜಿ ಈಗ ತಾನೇ ಹೇಳಲಿಲ್ವಾ?”

ಪೀಪಿ ಉಸಿರನ್ನು ಹಾಗೇ ಹಿಡಿದುಕೊಂಡು ಯೋಚಿಸಿದ. “ಬಾತು ಅಲ್ಲಿದ್ರೆ ನಾನು ಪ್ರತೀ ರಜೆಗೂ ನೋಡೋಕೆ ಹೋಗಬೇಕಾಗುತ್ತೆ.”

“ಹೋಗು. ಯಾರು ಬೇಡ ಅಂದರು?” ಎಂದಳು ಅಜ್ಜಿ, ಸೆರಗಲ್ಲಿ ಕಣ್ಣೊತ್ತಿಕೊಳ್ಳುತ್ತ.

ಅಂದೇ ಕಲ್ಲಂಗಡಿಯ ಸಿಪ್ಪೆಗಳ ನಡುವೆ ಜಾಗ ಮಾಡಿಕೊಂಡು ಹೊಲಿಗೆಯಮ್ಮ ಕಾಗದ ಬರೆದಳು. ಈ ಸಲ ಅಜ್ಜಿ ಹೇಳಿಕೊಡಲಿಲ್ಲ, ಬರೀ ಪಕ್ಕದಲ್ಲಿ ಕೂತಿದ್ದಳು.

“ಅಕ್ಕ, ನೀವು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ನನ್ನ ತಪ್ಪು. ಇಕ್ಕಳನನ್ನು ಕೊಡಲು ನನ್ನಿಂದಾಗದು. ಕೋಪ ಬಂದರೆ ಬೈದು ಬರೆಯಿರಿ, ಮೆಷಿನ್ ಮಾತ್ರ ಕೇಳಬೇಡಿ, ಇನ್ನೂ ಮೂವತ್ತೆಂಟು ಚಡ್ಡಿ ಬಾಕಿ ಇವೆ. ಬರುವ ವಾರ ಮೂವರು ಹುಡುಗರನ್ನೂ ಒಂದು ಬಾತನ್ನೂ ಇವರು ಕರೆತಂದು ಬಿಡುತ್ತಾರೆ. ಹನ್ನೆರಡು ದಿನ ಇಟ್ಟುಕೊಳ್ಳಿ. ನಿಮಗೆ ಬೇಕಾದ ಗಡಿಯಾರಗಳನ್ನು ಎತ್ತರದಲ್ಲಿಡಿ. ಕಿರಿಯವನಿಗೆ ಒಂದು ದಿಂಬು ಕೊಟ್ಟಿರಿ. ಹುಡುಗರನ್ನು ವಾಪಸ್ ಕಳಿಸಿ. ಬಾತು ನಿಮ್ಮದು.”

ವಕೀಲ ಗಟ್ಟಿಯಾಗಿ ಓದಿದ. ಅಜ್ಜಿ ತಲೆಯಾಡಿಸಿ, “ನನ್ನ ಮಂಡಿ ವಿಷಯ ಬಿಟ್ಟುಹೋಯ್ತು,” ಎಂದಳು. ಹೊಲಿಗೆಯಮ್ಮ ಅಂಚಿನಲ್ಲಿ ಜಾಗ ಹುಡುಕಿ ಮಂಡಿಯನ್ನೂ ಸೇರಿಸಿದಳು. ಇಕ್ಕಳ ಜೇಬಿನಾಕಾರದ ಹಳೆಯ ಕಾಗದವನ್ನು ಎತ್ತಿಕೊಂಡು, “ಇದು?” ಎಂದ. ಅವಳು ಅದನ್ನು ಮತ್ತೆ ವಕೀಲನ ಕೈಗೆ ಕೊಟ್ಟಳು. ಜೇಬಿಗೆ ಅಳತೆ ಬೇಕಲ್ಲ.

ಅಂಚೆಪೆಟ್ಟಿಗೆ ಬೀದಿಯ ಕೊನೆಯಲ್ಲಿ, ಚಪ್ಪಲಿ ಹೊಲಿಯುವವನ ಪಕ್ಕದಲ್ಲಿತ್ತು. ಬಿಸಿಲಿಳಿದ ಮೇಲೆ ಇಡೀ ಮನೆ ಹೊರಟಿತು. ಅಜ್ಜಿ ಮಂಡಿ ಹಿಡಿದುಕೊಂಡು ಹಿಂದೆ, ಪೀಪಿ ಲಕೋಟೆ ಹಿಡಿದುಕೊಂಡು ಮುಂದೆ, ಬಾತುಕೋಳಿ ಇಕ್ಕಳನ ಕಂಕುಳಲ್ಲಿ. ಪೆಟ್ಟಿಗೆಯ ಬಾಯಿ ಎತ್ತರದಲ್ಲಿತ್ತು. ಅಪ್ಪ ಪೀಪಿಯನ್ನು ಎತ್ತಿ ಹಿಡಿದ. ಪೀಪಿ ಲಕೋಟೆಯನ್ನು ಅರ್ಧ ಒಳಗೆ ತೂರಿಸಿ, ಏನೋ ನೆನಪಾಗಿ, ಹಿಂದಕ್ಕೆ ತಿರುಗಿದ.

“ಅಮ್ಮಾ, ಹಾಕ್ಲಾ?”

“ತಡಿ,” ಎಂದ ವಕೀಲ. “ಅಮ್ಮಾ, ಬಾಯಿ ತೋರಿಸು.”

ಹೊಲಿಗೆಯಮ್ಮ ನಡುಬೀದಿಯಲ್ಲಿ ನಿಂತು “ಆ” ಅಂತ ಬಾಯಿ ತೆರೆದಳು. ಮೂವರೂ ಇಣುಕಿ ನೋಡಿದರು. ಚಪ್ಪಲಿ ಹೊಲಿಯುವವನೂ ಕತ್ತು ಚಾಚಿ ನೋಡಿದ. ಹಲ್ಲುಗಳಿದ್ದವು, ನಾಲಿಗೆಯಿತ್ತು, ಕಲ್ಲಂಗಡಿಯ ಕೆಂಪಿತ್ತು. ಸೂಜಿ ಒಂದೂ ಇರಲಿಲ್ಲ.

“ಹಾಕೋ,” ಎಂದಳು.

ಪೀಪಿ ಕೈಬಿಟ್ಟ. ಕಾಗದ ಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.